ವಿಶ್ವದ ಪೈಪೋಟಿಯೂ ತೀರ್ಥಹಳ್ಳಿಯ ಹುಡುಗಿಯೂ

ಪ್ರಶ್ನೆ: ಮೇಡಂ, ನಾವು ತೀರ್ಥಹಳ್ಳಿ ತಾಲ್ಲೂಕಿನವರು, ಸ್ವಲ್ಪ ಅಡಿಕೆ ತೋಟವಿದೆ. ಮಗಳಿಗೆ ಹದಿನಾಲ್ಕು ವರ್ಷ, ಒಂಬತ್ತನೇ ತರಗತಿ. ಮೊದಲಿನಿಂದ ಕಬಡ್ಡಿ ಆಡುತ್ತಾಳೆ. ಎರಡು ವರ್ಷದಿಂದ ಶಾಲೆಯ ಫುಟ್‌ಬಾಲ್ ತಂಡದಲ್ಲೂ ಇದ್ದಾಳೆ, ಈ ಸಲ ಜಿಲ್ಲಾ ತಂಡಕ್ಕೆ ಆಯ್ಕೆಯಾದಳು. ಅಲ್ಲಿ ಅವಳ ಆಟ ನೋಡಿದ ಬೆಂಗಳೂರಿನ ಒಂದು ಅಕಾಡೆಮಿಯವರು, ಈಗಲೇ ಕಳುಹಿಸಿದರೆ ಮಾತ್ರ ಭವಿಷ್ಯವಿದೆ, ಎಸ್ಸೆಸ್ಸೆಲ್ಸಿ ಮುಗಿಯಲಿ ಎಂದು ಕಾದರೆ ತಡವಾಗುತ್ತದೆ ಎನ್ನುತ್ತಿದ್ದಾರೆ. ನಮ್ಮ ಯಜಮಾನರು, ಹೆಣ್ಣುಮಕ್ಕಳ ಫುಟ್‌ಬಾಲಿನಲ್ಲಿ ಈಗ ಎಲ್ಲ ದೇಶಗಳೂ ಮುಂದೆ ಹೋಗಿವೆ, ನಮ್ಮ ಹುಡುಗಿಯರು ನಮ್ಮದೇ ದೇಶದಲ್ಲಿ ನಡೆದ ವಿಶ್ವಕಪ್‌ನಲ್ಲಿ ಎಂಟು ಗೋಲು ಬಿಟ್ಟುಕೊಟ್ಟರು, ಇನ್ನೇನು ಉಳಿದಿದೆ ಎಂದು ಕೇಳುತ್ತಾರೆ. ನಮ್ಮ ಅತ್ತಿಗೆ, ಈ ಆಟ ಆಡಿದ ಹುಡುಗಿಯರ ಮಂಡಿ ಹೋಗಿಯೇ ಹೋಗುತ್ತದೆ, ಮುಂದೆ ಮದುವೆಯಾಗಿ ಮಕ್ಕಳಾಗುವಾಗಲೂ ತೊಂದರೆ ಎಂದು ಹೆದರಿಸಿದ್ದಾರೆ. ಮಗಳಿಗೆ ಈಗಲೇ ಆಡಿ ಬಂದ ದಿನ ಮಂಡಿಯ ಕೆಳಗೆ ನೋವಿರುತ್ತದೆ. ಕಳಿಸುವುದೋ, ಬಿಡಿಸುವುದೋ, ಇಲ್ಲೇ ಇಟ್ಟುಕೊಂಡು ಆಡಿಸುವುದೋ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಜಗತ್ತಿನ ಪೈಪೋಟಿ ಇಷ್ಟು ಬೆಳೆದ ಮೇಲೆ ನಮ್ಮ ಕಡೆಯ ಹುಡುಗಿಗೆ ಅವಕಾಶ ಉಳಿದಿದೆಯೇ ಎಂಬುದು ನಿಮ್ಮ ಯಜಮಾನರ ಪ್ರಶ್ನೆ; ಅವಳ ದೇಹ ಇದನ್ನು ತಾಳೀತೇ ಎಂಬುದು ನಿಮ್ಮ ಅತ್ತಿಗೆಯವರದು; ಈಗಲೇ ಮನೆ ಬಿಡಿಸಬೇಕೇ ಎಂಬುದು ನಿಮ್ಮದು. ಶಿವಮೊಗ್ಗದಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡುತ್ತ, ಆಟದಲ್ಲಿ ಗಾಯಗೊಂಡವರಿಗೆ ಫಿಸಿಯೋಥೆರಪಿ ಮಾಡುತ್ತ ಬಂದಿರುವ ನನಗೆ ಈ ಮೂರೂ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆಟ ಬಿಡಿಸಬೇಡಿ, ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಮನೆಯನ್ನೂ ಬಿಡಿಸಬೇಡಿ. ಆದರೆ ಇಲ್ಲೇ ಇಟ್ಟುಕೊಳ್ಳುವುದೆಂದರೆ ಈಗಿರುವಂತೆಯೇ ನಡೆಯಲಿ ಎಂದು ಸುಮ್ಮನಿರುವುದಲ್ಲ. ಈ ಎರಡು ವರ್ಷಗಳಲ್ಲಿ ಆಗಬೇಕಾದ ಕೆಲಸ ಬೇಕಾದಷ್ಟಿದೆ.

ಮೊದಲು ನಿಮ್ಮ ಯಜಮಾನರ ಮಾತನ್ನು ನೋಡೋಣ. ಪೈಪೋಟಿ ಬೆಳೆದಿದೆ ಎಂಬುದು ಪೂರ್ಣ ಸತ್ಯ. 1991ರಲ್ಲಿ ಚೀನಾದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ನಡೆದಾಗ ಆಡಿದ್ದು 12 ತಂಡಗಳು, ಪಂದ್ಯದ ಅವಧಿ 80 ನಿಮಿಷ. 26 ಪಂದ್ಯಗಳಲ್ಲಿ 99 ಗೋಲುಗಳಾದವು, ಅಂದರೆ ಪಂದ್ಯವೊಂದಕ್ಕೆ ಹತ್ತಿರ ಹತ್ತಿರ ನಾಲ್ಕು. ಬಲಿಷ್ಠ ತಂಡಗಳು ಬೆರಳೆಣಿಕೆಯಷ್ಟಿದ್ದು ಉಳಿದವು ಕಲಿಯಲು ಬಂದವುಗಳಾದಾಗ ಇಂಥ ಅಂಕಿಗಳೇ ಬರುತ್ತವೆ. 2023ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ 32 ತಂಡಗಳು ಆಡಿದವು. ಎಂಟು ಹೊಸ ತಂಡಗಳು ಸೇರಿದ್ದರಿಂದ ಗೋಲುಗಳ ಸುರಿಮಳೆಯಾಗುತ್ತದೆಂದು ಹಲವರು ಹೇಳಿದ್ದರು. ಆಗಿದ್ದು 64 ಪಂದ್ಯಗಳಲ್ಲಿ 164 ಗೋಲು, ಅಂದರೆ ಪಂದ್ಯಕ್ಕೆ ಎರಡೂವರೆಯ ಆಸುಪಾಸು. ತಂಡಗಳು ಹೆಚ್ಚಿದರೂ ಅಂತರ ಕಿರಿದಾಯಿತು. ಎರಡು ಸಲ ವಿಶ್ವಕಪ್ ಗೆದ್ದ ಜರ್ಮನಿ, ಒಲಿಂಪಿಕ್ಸ್ ಚಿನ್ನ ಗೆದ್ದು ಬಂದಿದ್ದ ಕೆನಡಾ, ದಿಗ್ಗಜರ ಬ್ರೆಜಿಲ್ ಮೂರೂ ಗುಂಪಿನ ಹಂತದಲ್ಲೇ ಮನೆಗೆ ಮರಳಿದವು. ನಾಲ್ಕು ಬಾರಿಯ ಚಾಂಪಿಯನ್ ಅಮೆರಿಕ ಹದಿನಾರರ ಘಟ್ಟದಲ್ಲಿ ಸ್ವೀಡನ್ ಎದುರು ಪೆನಾಲ್ಟಿಯಲ್ಲಿ ಸೋತಿತು. ಫ್ರಾನ್ಸ್ ಮತ್ತು ಬ್ರೆಜಿಲ್ ಎರಡಕ್ಕೂ ಒಂದೇ ಒಂದು ಗೋಲು ಕೊಡದ ಜಮೈಕಾ ಮುಂದಿನ ಸುತ್ತಿಗೆ ಹೋಯಿತು.

ಮೊರಾಕ್ಕೊದ ಕಥೆಯನ್ನು ನಾನು ಇಲ್ಲಿನ ಹುಡುಗಿಯರಿಗೆ ಬಿಡಿಸಿ ಹೇಳುತ್ತೇನೆ. ವಿಶ್ವಕಪ್‌ನ ತಮ್ಮ ಮೊಟ್ಟಮೊದಲ ಪಂದ್ಯದಲ್ಲೇ ಅವರು ಜರ್ಮನಿಯ ಎದುರು 0-6ರಿಂದ ಸೋತರು. ನಂತರದ ಎರಡು ಪಂದ್ಯಗಳನ್ನು ಗೆದ್ದು ಹದಿನಾರರ ಘಟ್ಟಕ್ಕೆ ಹೋದರು. ಅವರನ್ನು ಆರು ಗೋಲುಗಳಿಂದ ಸೋಲಿಸಿದ್ದ ಜರ್ಮನಿ ಹೊರಬಿತ್ತು. ಸ್ಪೇನ್‌ದು ಇನ್ನೂ ದೊಡ್ಡ ಪಾಠ. 2015ರಲ್ಲಿ ಮೊದಲ ಸಲ ವಿಶ್ವಕಪ್ ಆಡಿ ಒಂದೂ ಪಂದ್ಯ ಗೆಲ್ಲದೆ ಗುಂಪಿನ ಕೊನೆಯ ಸ್ಥಾನದಲ್ಲಿ ಉಳಿದ ಆ ದೇಶ, 2019ರಲ್ಲಿ ಹದಿನಾರರ ಘಟ್ಟ ತಲುಪಿ, 2023ರಲ್ಲಿ ಅದೇ ಟೂರ್ನಿಯ ನಡುವೆ ಜಪಾನ್‌ಗೆ 0-4ರಿಂದ ಸೋತೂ ಕೊನೆಗೆ ಇಂಗ್ಲೆಂಡನ್ನು 1-0ಯಿಂದ ಮಣಿಸಿ ಕಪ್ ಎತ್ತಿತು. ಕೊನೆಯ ಸ್ಥಾನದಿಂದ ವಿಶ್ವ ಚಾಂಪಿಯನ್ ಆಗಲು ಹಿಡಿದದ್ದು ಎಂಟು ವರ್ಷ. ಹಾಗಾಗಿ ಒಂದು ದೊಡ್ಡ ಸೋಲಿನ ಅಂಕಿಯನ್ನು ಹಿಡಿದುಕೊಂಡು ಒಂದು ದೇಶದ ಅಥವಾ ಒಬ್ಬ ಹುಡುಗಿಯ ಭವಿಷ್ಯ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಈ ಬದಲಾವಣೆ ಹೇಗಾಯಿತು ಎಂಬುದು ನಿಮ್ಮ ತೀರ್ಮಾನಕ್ಕೆ ನೇರವಾಗಿ ಸಂಬಂಧಿಸಿದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಮಹಿಳಾ ಫುಟ್‌ಬಾಲ್ ಹಿಂದುಳಿದಿದ್ದಕ್ಕೆ ಹೆಣ್ಣಿನ ಕಾಲಿನ ಬಲ ಕಾರಣವಾಗಿರಲಿಲ್ಲ, ಆಡಲು ಬಿಡದಿದ್ದುದೇ ಕಾರಣವಾಗಿತ್ತು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 1920ರ ಡಿಸೆಂಬರಿನಲ್ಲಿ ನಡೆದ ಮಹಿಳೆಯರ ಪಂದ್ಯವೊಂದಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಹೆಂಗಸರು ಆಡುವಂತಿಲ್ಲ ಎಂದು ನಿಷೇಧಿಸಿತು, ಆ ನಿಷೇಧ ಸುಮಾರು ಐವತ್ತು ವರ್ಷ ಉಳಿಯಿತು. ಜರ್ಮನಿಯಲ್ಲಿ 1955ರಿಂದ 1970ರವರೆಗೆ, ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಇಂಥದೇ ನಿಷೇಧವಿತ್ತು. ಅದೇ ಕಾಲಕ್ಕೆ, 1972ರಲ್ಲಿ, ಅಮೆರಿಕ ತನ್ನ ಶಾಲೆ ಕಾಲೇಜುಗಳಲ್ಲಿ ಹುಡುಗ ಹುಡುಗಿಯರ ನಡುವೆ ಭೇದ ಮಾಡಬಾರದೆಂಬ ಕಾನೂನು ತಂದಿದ್ದರಿಂದ ಅಲ್ಲಿ ಲಕ್ಷಾಂತರ ಹುಡುಗಿಯರು ಮೈದಾನಕ್ಕೆ ಇಳಿದರು. ಅಮೆರಿಕ ದಶಕಗಳ ಕಾಲ ಮುಂದಿದ್ದ ಗುಟ್ಟು ಬಹುಮಟ್ಟಿಗೆ ಇಷ್ಟೇ. ಉಳಿದ ದೇಶಗಳು ತಡವಾಗಿ ಶುರುಮಾಡಿದವು, ಈಗ ಸಮೀಪಕ್ಕೆ ಬರುತ್ತಿವೆ. ಇಂಗ್ಲೆಂಡಿನ ಅಗ್ರ ಲೀಗ್ 2018ರಲ್ಲಿ ಪೂರ್ಣ ವೃತ್ತಿಪರವಾಯಿತು. ಮೊರಾಕ್ಕೊ ಎರಡು ಹಂತದ ವೃತ್ತಿಪರ ಲೀಗ್ ನಡೆಸತೊಡಗಿತು. ಸ್ಪೇನ್ ಕಿರಿಯರ ತಂಡಗಳನ್ನು ಬೆಳೆಸಿ 17 ವರ್ಷದೊಳಗಿನವರ ವಿಶ್ವಕಪ್ಪನ್ನು 2018 ಮತ್ತು 2022ರಲ್ಲಿ, 20 ವರ್ಷದೊಳಗಿನವರದನ್ನು 2022ರಲ್ಲಿ ಗೆದ್ದಿತು. ಹಿರಿಯರ ಕಪ್ ಬಂದದ್ದು ಆಮೇಲೆ. ಎಲ್ಲ ಕಡೆಯೂ ಕಾಣುವುದು ಒಂದೇ: ವರ್ಷವಿಡೀ ಸಮಬಲದ ಪಂದ್ಯಗಳು, ತಿಳಿದ ತರಬೇತುದಾರರು, ಕಿರಿಯರಿಂದ ಹಿರಿಯರವರೆಗೆ ಕಡಿಯದ ಸರಪಳಿ. ಇವು ಇದ್ದಲ್ಲಿ ಅಂತರ ಬೇಗ ಕರಗಿದೆ, ಇಲ್ಲದಲ್ಲಿ ಪ್ರತಿಭೆ ಇದ್ದೂ ಕರಗಿಲ್ಲ.

ನಮ್ಮ ದೇಶವನ್ನು ಈ ಬೆಳಕಿನಲ್ಲೇ ನೋಡಬೇಕು. ಭಾರತದ ಮಹಿಳೆಯರು ಏಷ್ಯಾ ಮಟ್ಟದಲ್ಲಿ ಮೊದಲಿನಿಂದಲೂ ಕೊನೆಯಲ್ಲಿದ್ದರು ಎಂಬುದು ತಪ್ಪು ತಿಳುವಳಿಕೆ. ಕೋಳಿಕ್ಕೋಡ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಹಾಗೂ 1983ರಲ್ಲಿ ಅವರು ರನ್ನರ್ಸ್ ಅಪ್ ಆಗಿದ್ದರು. ಆಮೇಲೆ ಪಂದ್ಯಗಳು ವಿರಳವಾದವು, ಬೇರೆಯವರು ಬೆಳೆದರು. ದೇಶಮಟ್ಟದ ಇಂಡಿಯನ್ ವುಮೆನ್ಸ್ ಲೀಗ್ ಶುರುವಾದದ್ದೇ 2016-17ರಲ್ಲಿ. 2022ರಲ್ಲಿ ಭುವನೇಶ್ವರದಲ್ಲಿ 17 ವರ್ಷದೊಳಗಿನ ನಮ್ಮ ಹುಡುಗಿಯರು ಅಮೆರಿಕಕ್ಕೆ 0-8, ಮೊರಾಕ್ಕೊಗೆ 0-3, ಬ್ರೆಜಿಲ್‌ಗೆ 0-5ರಿಂದ ಸೋತದ್ದು ನಿಜ. ಆತಿಥೇಯರಾದ ಕಾರಣಕ್ಕೆ ಅರ್ಹತಾ ಪಂದ್ಯಗಳನ್ನು ಆಡದೆಯೇ ಅವರು ನೇರವಾಗಿ ಅಲ್ಲಿಗೆ ಬಂದಿದ್ದರು, ಕೋವಿಡ್‌ನಿಂದಾಗಿ ಟೂರ್ನಿ 2020ರಿಂದ 2022ಕ್ಕೆ ಹೋಗಿತ್ತು, ಹುಡುಗಿಯರು ಸಣ್ಣವರಿದ್ದಾಗಿನಿಂದ ಸಾಲುಸಾಲಾಗಿ ಪಂದ್ಯ ಆಡಿ ಬಂದವರಾಗಿರಲಿಲ್ಲ. ಆದರೆ ನಿಮ್ಮ ಯಜಮಾನರಿಗೆ ಇದರ ಮುಂದಿನ ಪುಟವನ್ನೂ ತೋರಿಸಿ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ, 70ನೇ ರ‍್ಯಾಂಕಿನ ಭಾರತ 46ನೇ ರ‍್ಯಾಂಕಿನ ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿ, ಅರ್ಹತಾ ಪಂದ್ಯಗಳನ್ನು ಆಡಿಯೇ ಏಷ್ಯಾ ಕಪ್‌ಗೆ ಮೊದಲ ಬಾರಿ ಸ್ಥಾನ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಥಾಯ್ಲೆಂಡ್ 2015 ಮತ್ತು 2019ರ ಎರಡು ವಿಶ್ವಕಪ್ ಆಡಿದ ತಂಡ. ಅದೇ ವರ್ಷದ ಆಗಸ್ಟಿನಲ್ಲಿ ನಮ್ಮ 20 ವರ್ಷದೊಳಗಿನವರು ಮ್ಯಾನ್ಮಾರನ್ನು ಸೋಲಿಸಿ ಎರಡು ದಶಕಗಳ ನಂತರ ತಮ್ಮ ವಯೋಮಾನದ ಏಷ್ಯಾ ಕಪ್‌ಗೆ ಅರ್ಹರಾದರು.

ಇದರಿಂದ ಭಾರತ ಜಪಾನ್‌ನ ಮಟ್ಟಕ್ಕೆ ಬಂದಿತೆಂದು ನಾನು ಹೇಳುತ್ತಿಲ್ಲ, ಆ ದೂರ ಇನ್ನೂ ಬಹಳ ಇದೆ. ಆದರೆ ಪೈಪೋಟಿ ಬೆಳೆದಂತೆ ಸ್ಥಾನಗಳೂ ಬೆಳೆಯುತ್ತಿವೆ ಎಂಬುದನ್ನು ಮರೆಯಬಾರದು. 12 ತಂಡಗಳ ವಿಶ್ವಕಪ್ 1999ಕ್ಕೆ 16, 2015ಕ್ಕೆ 24, 2023ಕ್ಕೆ 32 ಆಯಿತು. 2031ಕ್ಕೆ 48 ತಂಡಗಳಾಗಲಿವೆ. ಎರಡು ವರ್ಷಕ್ಕೊಮ್ಮೆ 16 ತಂಡಗಳಿಗೆ ನಡೆಯುತ್ತಿದ್ದ 17 ವರ್ಷದೊಳಗಿನವರ ವಿಶ್ವಕಪ್ 2025ರಿಂದ ಪ್ರತಿವರ್ಷ 24 ತಂಡಗಳಿಗೆ ನಡೆಯುತ್ತಿದೆ. ಮೇಲಿನ ತುದಿಯಲ್ಲಿ ನಿಲ್ಲುವುದು ಮೊದಲಿಗಿಂತ ಕಷ್ಟವಾಗಿದೆ, ಸಾಲಿನೊಳಗೆ ಸೇರುವುದು ಮೊದಲಿಗಿಂತ ಸಾಧ್ಯವಾಗಿದೆ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡೇ ನಿಮ್ಮ ಮಗಳ ಬಗ್ಗೆ ಯೋಚಿಸಬೇಕು.

ಈಗ, ಹದಿನಾಲ್ಕು ವರ್ಷಕ್ಕೆ ತಡವಾಯಿತು ಎಂಬ ಅಕಾಡೆಮಿಯವರ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಚೆಂಡಿನ ಮೇಲಿನ ಹಿಡಿತ, ಎರಡೂ ಕಾಲುಗಳ ಬಳಕೆ, ತಲೆಯೆತ್ತಿ ಸುತ್ತ ನೋಡಿ ಆಡುವ ಅಭ್ಯಾಸ, ಇವು ಎಳೆಯ ವಯಸ್ಸಿನಲ್ಲಿ ಬೇಗ ಬರುತ್ತವೆ. ಹನ್ನೆರಡಕ್ಕೆ ಶುರುಮಾಡಿದ ನಿಮ್ಮ ಮಗಳು ಈ ವಿಷಯದಲ್ಲಿ ಹೆಚ್ಚು ಶ್ರಮಪಡಬೇಕಾಗುತ್ತದೆ. ಆದರೆ ಈ ವಯಸ್ಸಿನಲ್ಲಿ ಬೇರೆ ಎಲ್ಲವನ್ನೂ ಬಿಟ್ಟು ಒಂದೇ ಆಟಕ್ಕೆ ಸೇರಿಕೊಂಡವರು ಮಾತ್ರ ಮೇಲೆ ಬರುತ್ತಾರೆ ಎಂಬುದಕ್ಕೆ ಆಧಾರವಿಲ್ಲ. 2023ರ ವಿಶ್ವಕಪ್‌ನಲ್ಲಿ ಅತ್ಯುತ್ತಮ ಯುವ ಆಟಗಾರ್ತಿ ಪ್ರಶಸ್ತಿ ಪಡೆದ ಸ್ಪೇನ್‌ನ ಸಾಲ್ಮಾ ಪಾರಾಲುವೆಲೊ, ಹದಿನೈದರ ವಯಸ್ಸಿನಲ್ಲಿ ಯುರೋಪಿನ ಹಿರಿಯರ ಒಳಾಂಗಣ ಅಥ್ಲೆಟಿಕ್ಸ್‌ನಲ್ಲಿ 400 ಮೀಟರ್ ಓಡಿದವರು. ಬಹಳ ಕಾಲ ಓಟ ಮತ್ತು ಫುಟ್‌ಬಾಲ್ ಎರಡನ್ನೂ ನಡೆಸಿ, 2022ರಲ್ಲಿ ಬಾರ್ಸಿಲೋನಾ ಸೇರಿದಾಗಲೇ ಪೂರ್ತಿ ಫುಟ್‌ಬಾಲಿಗೆ ನಿಂತರು. ನಡುವೆ 2021ರಲ್ಲಿ ಅವರ ಎಸಿಎಲ್ (ಮಂಡಿಯೊಳಗಿನ ಒಂದು ಅಸ್ಥಿರಜ್ಜು) ಕೂಡ ಹರಿದಿತ್ತು. ಹಾಗೆಯೇ, ದೊಡ್ಡ ನಗರದಲ್ಲೇ ಇರಬೇಕು ಎಂಬುದಕ್ಕೂ ನಮ್ಮ ದೇಶದ ಅನುಭವ ವಿರುದ್ಧವಾಗಿದೆ. ಹಿರಿಯ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಅತಿ ಹೆಚ್ಚು ಬಾರಿ ಗೆದ್ದಿರುವುದು ಗುಡ್ಡಗಾಡಿನ ಪುಟ್ಟ ರಾಜ್ಯ ಮಣಿಪುರ; 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದ ಆಟಗಾರ್ತಿ ಬಾಲಾದೇವಿ ಅಲ್ಲಿಯವರು. ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯೆ ಮನಿಷಾ ಕಲ್ಯಾಣ್ ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಹಳ್ಳಿಯವರು. ಮಣಿಪುರಕ್ಕೂ ನಮ್ಮ ಮಲೆನಾಡಿಗೂ ಇರುವ ವ್ಯತ್ಯಾಸ ಗುಡ್ಡ, ಮಳೆ, ದೂರದ ಊರುಗಳದ್ದಲ್ಲ. ಅಲ್ಲಿ ಹುಡುಗಿಯರಿಗೆ ಆಡಲು ಊರೂರಲ್ಲಿ ಎದುರಾಳಿ ತಂಡಗಳಿವೆ. ನಮ್ಮಲ್ಲಿ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಕಬಡ್ಡಿ, ಕೊಕ್ಕೊ, ವಾಲಿಬಾಲ್ ತಂಡಗಳು ತುಂಬಿ ಬರುತ್ತವೆ, ಹುಡುಗಿಯರ ಫುಟ್‌ಬಾಲ್‌ಗೆ ಕೆಲವೇ ತಂಡಗಳು ಇರುತ್ತವೆ. ಒಂದೆರಡು ಪಂದ್ಯ ಆಡಿದ ಹುಡುಗಿ ಜಿಲ್ಲಾ ತಂಡಕ್ಕೆ ಬಂದುಬಿಡುತ್ತಾಳೆ. ನಿಮ್ಮ ಮಗಳ ಆಯ್ಕೆಯ ಬೆಲೆಯನ್ನು ಕಡಿಮೆ ಮಾಡಲು ಈ ಮಾತು ಹೇಳುತ್ತಿಲ್ಲ. ಅವಳಿಗೆ ನಿಜವಾಗಿ ಕೊರತೆಯಿರುವುದು ಪಂದ್ಯಗಳದ್ದು ಎಂದು ನೀವು ತಿಳಿಯಬೇಕೆಂದು ಹೇಳುತ್ತಿದ್ದೇನೆ.

ಮಂಡಿಯ ವಿಷಯಕ್ಕೆ ಬರುತ್ತೇನೆ. ಇದು ನನ್ನ ವೃತ್ತಿಯ ಮುಖ್ಯ ಭಾಗ, ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ. ಆಟ ಆಡಿದರೆ ಮುಂದೆ ಬಸಿರು, ಹೆರಿಗೆಗೆ ತೊಂದರೆ ಎಂಬ ಮಾತಿಗೆ ಯಾವ ವೈದ್ಯಕೀಯ ಆಧಾರವೂ ಇಲ್ಲ. ಮಕ್ಕಳಾದ ಮೇಲೂ ರಾಷ್ಟ್ರೀಯ ತಂಡಗಳಿಗೆ ಮರಳಿ ಆಡಿದ ತಾಯಂದಿರು ಅನೇಕರಿದ್ದಾರೆ. ಈ ಭಯವನ್ನು ನೀವು ಪೂರ್ತಿಯಾಗಿ ಬದಿಗಿಡಿ.

ಅವಳಿಗೆ ಈಗ ಇರುವ ನೋವು ಬೇರೆ, ನಿಮ್ಮ ಅತ್ತಿಗೆಯವರು ಕೇಳಿರುವ ಗಾಯ ಬೇರೆ. ಹನ್ನೊಂದರಿಂದ ಹದಿನೈದರ ನಡುವೆ ಬೇಗ ಎತ್ತರ ಬೆಳೆಯುವ, ಹೆಚ್ಚು ಓಡಿ ನೆಗೆಯುವ ಮಕ್ಕಳಲ್ಲಿ ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನ ಮೇಲೆ, ತೊಡೆಯ ಮುಂಭಾಗದ ಸ್ನಾಯು ಎಳೆಯುವ ಜಾಗದಲ್ಲಿ ನೋವು ಬರುತ್ತದೆ. ಅದನ್ನು ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ. ಬೆರಳಿನಿಂದ ಆ ಉಬ್ಬನ್ನು ಒತ್ತಿದರೆ ನೋವಾಗುವುದು, ಮಂಡಿಯೂರಿ ಕೂತರೆ ಚುಚ್ಚುವುದು, ವಿಶ್ರಾಂತಿಯಲ್ಲಿ ಕಡಿಮೆಯಾಗುವುದು ಇದರ ಲಕ್ಷಣಗಳು. ಬೆಳವಣಿಗೆ ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಆಟವನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ; ನೋವು ಹೆಚ್ಚಿದ ವಾರ ಓಟ, ನೆಗೆತ ತಗ್ಗಿಸಿ, ಆಟದ ನಂತರ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ತೊಡೆಯ ವ್ಯಾಯಾಮ ಮಾಡಿದರೆ ಸಾಕಾಗುತ್ತದೆ. ಆದರೆ ಪತ್ರ ಓದಿ ರೋಗ ನಿರ್ಧರಿಸುವುದು ಸರಿಯಲ್ಲವಾದ್ದರಿಂದ ಒಮ್ಮೆ ಮೂಳೆ ತಜ್ಞರಿಗೆ ತೋರಿಸಿ. ಮಂಡಿ ಊದಿಕೊಂಡರೆ, ನಡೆಯುವಾಗ ಜಾರಿದಂತಾದರೆ, ಮಡಚಿದ್ದು ಬಿಡಿಸಲು ಬಾರದಂತೆ ಸಿಕ್ಕಿಕೊಂಡರೆ, ರಾತ್ರಿ ನೋವಿನಿಂದ ಎಚ್ಚರವಾದರೆ ಒಂದು ದಿನವೂ ಕಾಯಬೇಡಿ.

ನಿಮ್ಮ ಅತ್ತಿಗೆಯವರ ಭಯಕ್ಕೆ ಕಾರಣವಾದದ್ದು ಎಸಿಎಲ್, ಅಂದರೆ ಮಂಡಿಯೊಳಗೆ ತೊಡೆಮೂಳೆಯನ್ನೂ ಕಾಲಮೂಳೆಯನ್ನೂ ಹಿಡಿದಿಡುವ ಅಸ್ಥಿರಜ್ಜು. ಅದು ಹರಿಯುವ ಸಂಭವ ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಮೂರು ಪಟ್ಟು ಹೆಚ್ಚು ಎಂಬುದು ನಿಜ. ಇಂಗ್ಲೆಂಡಿನ ನಾಯಕಿ ಲಿಯಾ ವಿಲಿಯಮ್ಸನ್, ಬೆತ್ ಮೀಡ್, ನೆದರ್ಲೆಂಡ್ಸ್‌ನ ವಿವಿಯಾನ್ ಮೀಡೆಮಾ ಇದೇ ಗಾಯದಿಂದ 2023ರ ವಿಶ್ವಕಪ್ ತಪ್ಪಿಸಿಕೊಂಡರು. ಸೊಂಟದ ರಚನೆ, ಹಾರ್ಮೋನುಗಳು ಎಂದು ಹಲವು ಕಾರಣಗಳನ್ನು ಹೇಳುತ್ತಾರೆ. ಮುಟ್ಟಿನ ಚಕ್ರಕ್ಕೂ ಈ ಗಾಯಕ್ಕೂ ಇರುವ ನಂಟು ಇನ್ನೂ ಖಚಿತವಾಗಿಲ್ಲ. ನನ್ನ ಬಳಿ ಬರುವವರಲ್ಲಿ ನಾನು ಮೊದಲು ನೋಡುವುದು ನಾವು ತಿದ್ದಬಹುದಾದ ಕಾರಣಗಳನ್ನು. ಈ ಗಾಯ ಹೆಚ್ಚಾಗಿ ಯಾರೂ ಗುದ್ದದೆ, ಓಡುತ್ತ ಥಟ್ಟನೆ ದಿಕ್ಕು ಬದಲಿಸುವಾಗ ಅಥವಾ ನೆಗೆದು ಒಂಟಿಕಾಲಲ್ಲಿ ಇಳಿಯುವಾಗ ಮಂಡಿ ಒಳಕ್ಕೆ ವಾಲಿದ್ದರಿಂದ ಆಗುತ್ತದೆ. ತೊಡೆಯ ಹಿಂಭಾಗ ಮತ್ತು ಪೃಷ್ಠದ ಸ್ನಾಯುಗಳು ದುರ್ಬಲವಾಗಿದ್ದರೆ ಮಂಡಿ ಹಾಗೆ ವಾಲುತ್ತದೆ. ಗಂಡುಮಕ್ಕಳಿಗೆ ಸಣ್ಣಂದಿನಿಂದ ಸಿಗುವ ಬಲವರ್ಧನೆಯ ವ್ಯಾಯಾಮ ನಮ್ಮ ಹುಡುಗಿಯರಿಗೆ ಸಿಗುವುದೇ ಇಲ್ಲ. ನೇರವಾಗಿ ಪಂದ್ಯಕ್ಕೆ ಇಳಿಸುತ್ತೇವೆ. ಇದು ನಮ್ಮ ತಪ್ಪು, ಹುಡುಗಿಯ ದೇಹದ್ದಲ್ಲ.

ಇದನ್ನು ತಡೆಯುವ ದಾರಿ ಗೊತ್ತಿದೆ, ಅದಕ್ಕೆ ದುಡ್ಡೂ ಬೇಡ. ಫಿಫಾ 11+ ಎಂಬ ಇಪ್ಪತ್ತು ನಿಮಿಷದ ವಾರ್ಮ್ ಅಪ್ ಕ್ರಮವಿದೆ: ನಿಧಾನ ಓಟ, ಆಮೇಲೆ ಪ್ಲ್ಯಾಂಕ್, ಒಂಟಿಕಾಲ ಸಮತೋಲನ, ಬೈಠಕ್, ಮೆತ್ತಗೆ ಇಳಿಯುವ ನೆಗೆತ, ಮಂಡಿಯೂರಿ ಮುಂದಕ್ಕೆ ನಿಧಾನವಾಗಿ ಬಾಗುವ ನಾರ್ಡಿಕ್ ವ್ಯಾಯಾಮ, ಕೊನೆಗೆ ದಿಕ್ಕು ಬದಲಿಸುವ ವೇಗದ ಓಟ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಈ ಕ್ರಮವನ್ನು ಅನುಸರಿಸಿದವರಿಗೆ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ, ತೀವ್ರ ಗಾಯಗಳು ಸುಮಾರು ಅರ್ಧದಷ್ಟು ಕಡಿಮೆಯಾದವು. 2012ರ ಸ್ವೀಡನ್ ಅಧ್ಯಯನದಲ್ಲಿ ಇಂಥದೇ ವ್ಯಾಯಾಮ ಮಾಡಿದ ಹುಡುಗಿಯರಲ್ಲಿ ಎಸಿಎಲ್ ಗಾಯ ನೂರಕ್ಕೆ 64ರಷ್ಟು ಇಳಿಯಿತು. ವಾರಕ್ಕೆ ಕನಿಷ್ಠ ಎರಡು ಸಲ, ವರ್ಷವಿಡೀ, ತಪ್ಪದೆ ಮಾಡಿದರೆ ಮಾತ್ರ ಈ ಫಲ. ನಿಮ್ಮ ಶಾಲೆಯ ದೈಹಿಕ ಶಿಕ್ಷಕರು ಒಪ್ಪಿದರೆ ಇಡೀ ತಂಡಕ್ಕೆ ಮಾಡಿಸಲು ನಾನು ಬಂದು ತೋರಿಸಿಕೊಡುತ್ತೇನೆ. ಎಲ್ಲ ಮಾಡಿದರೂ ಗಾಯವೇ ಆಗದೆಂದು ಯಾರೂ ಭರವಸೆ ಕೊಡಲಾರರು. ಆದರೆ ಶಸ್ತ್ರಚಿಕಿತ್ಸೆ, ಕನಿಷ್ಠ ಒಂಬತ್ತು ತಿಂಗಳ ಪುನಶ್ಚೇತನದ ನಂತರ ಮರಳಿ ಆಡಿದವರು ಬಹಳ ಮಂದಿ.

ನಮ್ಮ ಕಡೆಯ ನೆಲದ ಬಗ್ಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತೀರ್ಥಹಳ್ಳಿ, ಹೊಸನಗರದ ಶಾಲಾ ಮೈದಾನಗಳು ಪಾಚಿಗಟ್ಟಿ ಜಾರುತ್ತವೆ, ಬೇಸಿಗೆಯಲ್ಲಿ ಅದೇ ಜಂಬಿಟ್ಟಿಗೆ ಮಣ್ಣು ಕಲ್ಲಿನಂತಾಗಿ ಮೇಲೆ ಸಣ್ಣ ಜಲ್ಲಿ ಏಳುತ್ತದೆ. ಎರಡಕ್ಕೂ ಒಂದೇ ಜೊತೆ ಸವೆದ ಕ್ಯಾನ್ವಾಸ್ ಶೂ ಹಾಕಿ ಆಡಿಸಿದರೆ ಕಣಕಾಲು ಮಂಡಿಗಳಿಗೆ ಅಪಾಯ. ಗಟ್ಟಿ ನೆಲಕ್ಕೆ, ಅಡಿಯಲ್ಲಿ ನೆಲ ಹಿಡಿಯುವ ಉಬ್ಬುಗಳಾದ ಗಿಡ್ಡ ಸ್ಟಡ್‌ಗಳು ಹಲವಿರುವ ಶೂ ಕೊಡಿಸಿ. ಉದ್ದ ಸ್ಟಡ್ ನೆಲದಲ್ಲಿ ಸಿಕ್ಕಿಕೊಂಡು ಮಂಡಿ ತಿರುಚುತ್ತದೆ. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಅಳತೆಯದನ್ನು ಕೊಡಿಸಬೇಡಿ. ಮಳೆಗಾಲದಲ್ಲಿ ಶಾಲೆಯ ಸಭಾಂಗಣದಲ್ಲೋ ಮನೆಯ ಜಗಲಿಯಲ್ಲೋ ಬಲವರ್ಧನೆ ಮತ್ತು ಚೆಂಡಿನ ಹಿಡಿತದ ಅಭ್ಯಾಸ ಮಾಡಿಸಿ. ಆ ನಾಲ್ಕು ತಿಂಗಳು ವ್ಯರ್ಥವಾಗುವುದಿಲ್ಲ.

ಇನ್ನು ಊಟ ಮತ್ತು ರಕ್ತ. ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ದ್ವಿತೀಯಾರ್ಧದಲ್ಲಿ ಸುಸ್ತಾಗುವ ಹುಡುಗಿಯನ್ನು ಸೋಮಾರಿ ಎಂದು ಬೈಯುವ ಮೊದಲು ಹಿಮೋಗ್ಲೋಬಿನ್ ನೋಡಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಹುರುಳಿ, ಅಲಸಂದೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ ಮೀನು, ಜೊತೆಗೆ ನಿಂಬೆ ಅಥವಾ ನೆಲ್ಲಿ ಇರಲಿ. ಊಟದ ಬೆನ್ನಿಗೇ ಚಹಾ ಕಾಫಿ ಬೇಡ, ಅದು ಕಬ್ಬಿಣಾಂಶವನ್ನು ದೇಹ ಹೀರದಂತೆ ಮಾಡುತ್ತದೆ. ಅಭ್ಯಾಸ ಹೆಚ್ಚಿದ ಮೇಲೆ ಮೂರು ತಿಂಗಳು ಮುಟ್ಟು ನಿಂತರೆ ಅದನ್ನು ಆಟಗಾರ್ತಿಯರಿಗೆ ಸಹಜ ಎಂದು ಬಿಡಬೇಡಿ. ದೇಹ ಖರ್ಚು ಮಾಡುವಷ್ಟು ಆಹಾರ ಒಳಗೆ ಹೋಗುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು, ಮುಂದುವರಿದರೆ ಮೂಳೆ ದುರ್ಬಲವಾಗುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಬೆಂಗಳೂರಿನ ಖಾಸಗಿ ಅಕಾಡೆಮಿ ಮೊದಲನೆಯದು. ಲೀಗ್ ಪಂದ್ಯಗಳು, ಒಳ್ಳೆಯ ಮೈದಾನ, ಸಮಬಲದ ಎದುರಾಳಿಗಳು ಸಿಗುವುದು ಅಲ್ಲಿಯೇ, ಇದರಲ್ಲಿ ಎರಡು ಮಾತಿಲ್ಲ. ಅಪಾಯಗಳೂ ಸಣ್ಣವಲ್ಲ. ಹದಿನಾಲ್ಕರ ಹುಡುಗಿ ಮನೆಯಿಂದ ದೂರ, ಹೊಸ ಶಾಲೆಯಲ್ಲಿ, ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ ಇರುತ್ತಾಳೆ. ಗಾಯವಾದರೆ ಕೆಲವು ಕಡೆ ಮನೆಗೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಅಭ್ಯಾಸ ಒಮ್ಮೆಗೇ ಎರಡು ಮೂರು ಪಟ್ಟಾದಾಗಲೇ ಬೆಳೆಯುವ ಮಂಡಿಗೆ ಹೆಚ್ಚು ಪೆಟ್ಟು. ಮಕ್ಕಳ ಕ್ರೀಡಾ ವೈದ್ಯರು ಹೇಳುವ ಒಂದು ಅಂದಾಜು ಇಟ್ಟುಕೊಳ್ಳಿ: ವಾರದ ಒಟ್ಟು ಅಭ್ಯಾಸದ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು. ಈಗಲೇ ಬಂದರೆ ಮಾತ್ರ ಎಂದು ಅವಸರ ಮಾಡುವುದೇ ನನಗೆ ಅನುಮಾನ ತರುವ ವಿಷಯ; ನಿಜವಾಗಿ ಪ್ರತಿಭೆ ಕಂಡವರು ಒಂದೂವರೆ ವರ್ಷ ಕಾಯುತ್ತಾರೆ, ನಡುವೆ ರಜೆಯಲ್ಲಿ ಕರೆಸಿಕೊಂಡು ನೋಡುತ್ತಾರೆ.

ಎರಡನೆಯದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳು. ಆಯ್ಕೆ ಪರೀಕ್ಷೆಯಲ್ಲಿ ಗೆದ್ದರೆ ಊಟ, ವಸತಿ, ತರಬೇತಿಯ ಖರ್ಚು ನಿಮ್ಮ ಮೇಲೆ ಬೀಳುವುದಿಲ್ಲ, ಶಾಲೆಯೂ ನಡೆಯುತ್ತದೆ. ಆದರೆ ಎಲ್ಲ ನಿಲಯಗಳಲ್ಲೂ ಹುಡುಗಿಯರ ಫುಟ್‌ಬಾಲ್ ಇರುವುದಿಲ್ಲ, ಇದ್ದಲ್ಲಿಯೂ ತರಬೇತುದಾರರು ಬದಲಾದರೆ ಮಟ್ಟ ಬದಲಾಗುತ್ತದೆ. ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿರುವ ಇಲಾಖೆಯ ಕಚೇರಿಗೆ ಹೋಗಿ ಈ ವರ್ಷದ ಆಯ್ಕೆ ಯಾವಾಗ, ಯಾವ ನಿಲಯದಲ್ಲಿ ಈ ಆಟವಿದೆ ಎಂದು ವಿಚಾರಿಸಿ.

ಮೂರನೆಯದು ಮನೆಯಲ್ಲಿದ್ದುಕೊಂಡೇ ಆಡುವುದು. ನಾನು ಸೂಚಿಸುವುದು ಇದನ್ನೇ. ಇದರ ಅಪಾಯ ಒಂದೇ, ಪಂದ್ಯಗಳ ಬರ. ಅದನ್ನು ನೀಗಿಸಲು ವಾರದಲ್ಲಿ ಮೂರು ದಿನ ಶಾಲೆಯಲ್ಲಿ ಅಭ್ಯಾಸ, ಭಾನುವಾರ ಶಿವಮೊಗ್ಗಕ್ಕೆ ಬಂದು ಹುಡುಗಿಯರ ಗುಂಪಿನ ಜೊತೆ ಪಂದ್ಯ. ಹುಡುಗಿಯರು ಸಾಲದಿದ್ದರೆ ತನ್ನ ವಯಸ್ಸಿಗಿಂತ ಚಿಕ್ಕ ಹುಡುಗರ ಜೊತೆ ಆಡಲಿ. ವೇಗದ ನಿರ್ಧಾರ ಕಲಿಯಲು ಅದು ಬಹಳ ಸಹಾಯಕ. ಶಾಲೆಯ ತಂಡ 17 ವರ್ಷದೊಳಗಿನ ಹುಡುಗಿಯರ, ಶಾಲಾ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸುಬ್ರೊತೊ ಕಪ್‌ನ ಹಂತಗಳಲ್ಲಿ ಆಡುವಂತೆ ಮೇಷ್ಟ್ರನ್ನು ಒತ್ತಾಯಿಸಿ. ಏಪ್ರಿಲ್ ಮೇ ರಜೆಯಲ್ಲಿ ಮೂರು ವಾರ ಬೆಂಗಳೂರಿನ ಶಿಬಿರಕ್ಕೆ ಕಳುಹಿಸಿ. ಜನಶತಾಬ್ದಿ ರೈಲಿನಲ್ಲಿ ನೀವೇ ಜೊತೆಗೆ ಹೋಗಿ ಜಾಗ ನೋಡಿಕೊಂಡು ಬನ್ನಿ. ಅಡಿಕೆ ಸಸಿ ನೆಟ್ಟು ಫಲಕ್ಕೆ ಐದಾರು ವರ್ಷ ಕಾಯುವ ಮನೆಯವರಿಗೆ ಈ ಎರಡು ವರ್ಷದ ತಾಳ್ಮೆ ಹೊಸತೇನಲ್ಲ.

ದುಡ್ಡಿನ ವಿಷಯವನ್ನೂ ನಿಮ್ಮ ಯಜಮಾನರ ಮುಂದೆ ಮುಚ್ಚಿಡಬೇಡಿ. ದೇಶದ ಅಗ್ರ ಲೀಗಿನ ಮಹಿಳಾ ತಂಡಗಳು ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಒಪ್ಪಂದ ಕೊಡಬೇಕೆಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2023ರಲ್ಲಿ ತೀರ್ಮಾನಿಸಿತು. ಅದು ಕೆಲವೇ ಮಂದಿಗೆ ಸಿಗುವಂಥದು, ಜೀವನ ಪೂರ್ತಿ ನಡೆಸುವ ಮೊತ್ತವೂ ಅಲ್ಲ. ಕ್ರೀಡಾ ಕೋಟಾದ ಸೀಟು, ನೌಕರಿ ಎಂಬ ದಾರಿಗಳಿವೆ. ಅವಕ್ಕೆ ಆಟದ ಪ್ರಮಾಣಪತ್ರದ ಜೊತೆ ಓದಿನ ಅಂಕಪಟ್ಟಿಯೂ ಬೇಕು. ಎಸ್ಸೆಸ್ಸೆಲ್ಸಿಯನ್ನು ಬಲಿಕೊಡಬೇಡಿ ಎಂದು ನಾನು ಹೇಳುವುದಕ್ಕೆ ಇದೂ ಕಾರಣ.

ಅಕಾಡೆಮಿಯವರಿಗೆ ಈಗ ಬೇಡ ಎಂದು ಕಡ್ಡಿ ಮುರಿದಂತೆ ಹೇಳುವ ಅಗತ್ಯವಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ನಿಮ್ಮ ಅಕಾಡೆಮಿಗೆ ಫೆಡರೇಷನ್ನಿನ ಮಾನ್ಯತೆ ಇದೆಯೇ, ತರಬೇತುದಾರರ ಪರವಾನಗಿ ಯಾವ ದರ್ಜೆಯದು? ಕಳೆದ ವರ್ಷ ಈ ವಯಸ್ಸಿನ ಹುಡುಗಿಯರು ಎಷ್ಟು ಅಧಿಕೃತ ಪಂದ್ಯ ಆಡಿದರು? ರಾತ್ರಿ ವಸತಿಯಲ್ಲಿ ಮಹಿಳಾ ವಾರ್ಡನ್ ಇರುತ್ತಾರೆಯೇ, ಹುಡುಗಿ ದೂರು ಹೇಳಬೇಕಾದರೆ ಯಾರ ಬಳಿ ಹೋಗಬೇಕು? ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು, ಚೇತರಿಸಿಕೊಳ್ಳುವವರೆಗೆ ಅವಳ ಸ್ಥಾನ ಉಳಿಯುತ್ತದೆಯೇ? ಜನನ ಪ್ರಮಾಣಪತ್ರ, ಅಂಕಪಟ್ಟಿಗಳ ಮೂಲಪ್ರತಿಯನ್ನು ಯಾರಿಗೂ ಒಪ್ಪಿಸಬೇಡಿ. ವಯಸ್ಸು ಒಂದು ವರ್ಷ ಕಡಿಮೆ ಮಾಡಿಸಿದರೆ ಅನುಕೂಲ ಎಂದು ಯಾರಾದರೂ ಸೂಚಿಸಿದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸಿ. ಮೂಳೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಆಟದಿಂದಲೇ ಹೊರಗಾಗುವವಳು ನಿಮ್ಮ ಮಗಳು, ಸೂಚಿಸಿದವರಲ್ಲ.

ಕಬಡ್ಡಿ ಬಿಡಿಸಬೇಕೇ ಎಂದು ನೀವು ಕೇಳಿಲ್ಲ, ಆದರೆ ಮುಂದೆ ಯಾರಾದರೂ ಹೇಳಿಯಾರು. ಒಟ್ಟು ಗಂಟೆಗಳು ಮೇಲೆ ಹೇಳಿದ ಮಿತಿಯೊಳಗಿದ್ದರೆ ಹದಿನಾರರವರೆಗೆ ಎರಡನ್ನೂ ಆಡಲಿ. ಎದುರಾಳಿಯ ಸೊಂಟದ ಚಲನೆ ನೋಡಿ ಕ್ಷಣದಲ್ಲಿ ದಿಕ್ಕು ಬದಲಿಸುವುದನ್ನು ಅವಳು ಕಲಿತದ್ದು ಅಲ್ಲಿಯೇ, ಜಿಲ್ಲಾ ತಂಡದಲ್ಲಿ ರಕ್ಷಣಾ ಆಟಗಾರ್ತಿಯಾಗಿ ಆಡಿದ್ದರೆ ಆಯ್ಕೆದಾರರ ಕಣ್ಣಿಗೆ ಬಿದ್ದದ್ದೂ ಬಹುಶಃ ಅದೇ. ಎರಡೂ ಆಟಗಳ ಪಂದ್ಯಗಳು ಒಂದೇ ವಾರ ಬಂದಾಗ ಮಾತ್ರ ಒಂದನ್ನು ಆರಿಸಿಕೊಳ್ಳಲು ಅವಳಿಗೇ ಬಿಡಿ. ಮಂಡಿ ನೋವಿರುವ ವಾರ ಎರಡೂ ಬೇಡ.